ಟ್ಯೂಬ್‌ನಲ್ಲಿ ಕೂತು ಬಾಸ್ ಮೀನು ಹಿಡಿಯುವುದು: ಎಲ್ಲಾ ಭರತ-ಇಳಿತದ ಲೆಕ್ಕ

ಬೆಳಿಗ್ಗೆ ಆರೂವರೆಗೆ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ಬೇ (ಅಂದರೆ ಕೊಲ್ಲಿ) ದಂಡೆಯಲ್ಲಿ ವಾಕಿಂಗ್ ಬರುವವರು ನನ್ನನ್ನು ನೋಡಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ದೂರದಿಂದ ಕಾಣುವುದು ಒಂದು ಟೋಪಿ, ಎರಡು ಮೊಣಕೈ, ಒಂದು ಗಾಳದ ಕೋಲು. ಅಷ್ಟೇ. ದೋಣಿ ಕಾಣಲ್ಲ. ಮನುಷ್ಯ ಆರಾಮಾಗಿ ಕುರ್ಚಿ ಮೇಲೆ ಕೂತ ಹಾಗೆ ಕೂತಿದ್ದಾನೆ, ಕೆಳಗೆ ನೋಡಿದರೆ 15 ಅಡಿ ನೀರು.

ಕೂತಿರುವುದು ಫ್ಲೋಟ್ ಟ್ಯೂಬ್ ಮೇಲೆ. ನಮ್ಮ ಕಡೆ ಈಜು ಕಲಿಯುವ ಮಕ್ಕಳಿಗೆ ಲಾರಿ ಟ್ಯೂಬಿಗೆ ಗಾಳಿ ತುಂಬಿ ಬಾವಿಗೋ ಹೊಳೆಗೋ ಎಸೆಯುತ್ತಿದ್ದರಲ್ಲ, ಅದರದ್ದೇ ಮೊಮ್ಮಗ ಇದು. ಕೆರೆಗಳಲ್ಲಿ ಬಲೆ ಬಿಡುವವರು ಇವತ್ತಿಗೂ ಟ್ಯೂಬ್ ಮೇಲೆ ಕೂತು ಹೋಗುವುದನ್ನು ನೀವು ನೋಡಿರಬಹುದು. ಅಮೆರಿಕದಲ್ಲೂ ಮೊದಮೊದಲು ಲಾರಿ ಟ್ಯೂಬಿಗೆ ಕ್ಯಾನ್ವಾಸ್ ಸುತ್ತಿ, ನಡುವೆ ಬಟ್ಟೆಯ ಸೀಟು ಕಟ್ಟಿಕೊಂಡೇ ಮೀನು ಹಿಡಿಯುತ್ತಿದ್ದರು. ಈಗ ಬರುವುದು ಇಂಗ್ಲಿಷಿನ ಯು ಅಥವಾ ವಿ ಅಕ್ಷರದ ಆಕಾರದ್ದು. ಮುಂದೆ ತೆರೆದಿರುತ್ತದೆ, ಎರಡು ಪಕ್ಕ ಗಾಳಿ ತುಂಬಿದ ತೋಳು, ನಡುವೆ ಸೀಟು, ಬೆನ್ನಿಗೆ ಒರಗು, ತೊಡೆ ಮೇಲೆ ಮೀನು ಅಳೆಯಲು ಇಂಚಿನ ಗೆರೆ ಹಾಕಿದ ಒಂದು ಬಟ್ಟೆ. ಹುಟ್ಟು ಇಲ್ಲ, ಮೋಟರ್ ಇಲ್ಲ. ಕಾಲಿಗೆ ಫಿನ್ಸ್, ಅಂದರೆ ಈಜುಗಾರರ ರಬ್ಬರ್ ರೆಕ್ಕೆ, ಹಾಕಿಕೊಂಡು ಒದೆಯಬೇಕು. ಒದ್ದರೆ ಟ್ಯೂಬ್ ಮುಂದೆ ಹೋಗಲ್ಲ, ಹಿಂದೆ ಹೋಗುತ್ತದೆ. ಹಾಗಾಗಿ ಎಲ್ಲಿಂದ ಬಂದೆ ಎನ್ನುವುದು ಚೆನ್ನಾಗಿ ಕಾಣುತ್ತದೆ, ಎಲ್ಲಿಗೆ ಹೋಗುತ್ತಿದ್ದೇನೆ ಎನ್ನುವುದಕ್ಕೆ ಆಗಾಗ ಕತ್ತು ತಿರುಗಿಸಬೇಕು.

ವೇಗ? ಚೆನ್ನಾಗಿ ಒದ್ದರೆ ಗಂಟೆಗೆ ಸುಮಾರು ಒಂದು ಮೈಲಿ. ದಂಡೆಯ ಮೇಲೆ ಅಜ್ಜಂದಿರು ನಾಯಿ ಹಿಡಿದುಕೊಂಡು ನನ್ನನ್ನು ದಾಟಿ ಹೋಗುತ್ತಾರೆ. ಈ ಒಂದು ಮೈಲಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಸಿಹಿನೀರಿನ ಕೆರೆಯಲ್ಲಾದರೆ ಟ್ಯೂಬ್ ಎಂದರೆ ಸುಮ್ನೆ ಕೂತು ತೇಲುವುದು. ಉಪ್ಪುನೀರಿನ ಬಂದರಿನಲ್ಲಿ ಹಾಗಲ್ಲ, ಅಲ್ಲಿ ನೀರು ನಡೆಯುತ್ತದೆ. ದಿನಕ್ಕೆ ಎರಡು ಸಲ ಒಳಗೆ ಬಂದು ಎರಡು ಸಲ ಹೊರಗೆ ಹೋಗುತ್ತದೆ. ಮೀನು ಎಲ್ಲಿ ನಿಲ್ಲುತ್ತದೆ, ಯಾವಾಗ ತಿನ್ನುತ್ತದೆ, ನೀವು ಕೊನೆಗೆ ಎಲ್ಲಿ ದಡ ಸೇರುತ್ತೀರಿ, ಮೂರೂ ನಿರ್ಧಾರ ಆಗುವುದು ಆ ನಡಿಗೆಯಲ್ಲೇ. ಹೊಸಬರು ಬಂದು ಮೊದಲು ಕೇಳುವುದು ಯಾವ ಬಣ್ಣದ ರಬ್ಬರ್ ಮೀನು ಹಾಕಬೇಕು ಅಂತ. ಬಣ್ಣ ಆಮೇಲೆ ಮಾರಾಯ್ರೇ, ಮೊದಲು ಟೈಡ್ ಟೇಬಲ್, ಅಂದರೆ ಭರತ-ಇಳಿತದ ಹೊತ್ತಿನ ಪಟ್ಟಿ, ನೋಡಿ.

ಯಾವ ಮೀನು ಅಂತ ಹೇಳಿಬಿಡುತ್ತೇನೆ. ಬಾಸ್ ಎನ್ನುವ ಹೆಸರು ದೊಡ್ಡ ಗೊಂದಲ. ಅಮೆರಿಕದ ಕೆರೆಗಳಲ್ಲಿ ಸಿಗುವ ಲಾರ್ಜ್‌ಮೌತ್ ಬಾಸ್ ಬೇರೆಯೇ ಕುಟುಂಬದ್ದು, ಅದಕ್ಕೂ ಇದಕ್ಕೂ ಹತ್ತಿರದ ಸಂಬಂಧ ಇಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಬಂದರುಗಳಲ್ಲಿ ಬಾಸ್ ಎಂದರೆ ಪ್ಯಾರಾಲಾಬ್ರಾಕ್ಸ್ ಜಾತಿಯ ಮೂರು ಅಣ್ಣತಮ್ಮಂದಿರು, ನಮ್ಮ ಕರಾವಳಿಯ ಮುರು ಮೀನಿನ ದೂರದ ನೆಂಟರು. ಮೈತುಂಬ ಕಪ್ಪು ಚುಕ್ಕೆ ಇದ್ದರೆ ಸ್ಪಾಟೆಡ್ ಬೇ ಬಾಸ್, ಇಲ್ಲಿಯವರ ಬಾಯಲ್ಲಿ ‘ಸ್ಪಾಟಿ’. ಮೈ ಮೇಲೆ ಮಸುಕು ಪಟ್ಟೆ, ಮುಖದ ಮೇಲೆ ಚಿನ್ನದ ಬಣ್ಣದ ಸಣ್ಣ ಚುಕ್ಕೆ ಇದ್ದರೆ ಸ್ಯಾಂಡ್ ಬಾಸ್. ಬೆನ್ನ ಮೇಲೆ ಬಿಳಿ ಚೌಕದಂಥ ಮಚ್ಚೆ ಇದ್ದರೆ ಕೆಲ್ಪ್ ಬಾಸ್, ಅಂದರೆ ‘ಕ್ಯಾಲಿಕೋ’. ಬೆನ್ನಿನ ಮುಳ್ಳಿನಲ್ಲೂ ಗುರುತಿದೆ: ಸ್ಯಾಂಡ್ ಬಾಸ್‌ಗೆ ಮೂರನೇ ಮುಳ್ಳು ಎದ್ದು ಕಾಣುವಷ್ಟು ಉದ್ದ, ಕ್ಯಾಲಿಕೋಗೆ ಹಾಗಿಲ್ಲ. ಕ್ಯಾಲಿಕೋಗೆ ಹೊರಗಿನ ಬಂಡೆ, ಕಡಲ ಪಾಚಿಯ ಕಾಡು ಇಷ್ಟ. ಬಂದರಿನೊಳಗೆ ಬಂದರೂ ಅಳಿವೆ ಬಾಗಿಲ ಆಸುಪಾಸು ಬಿಟ್ಟು ಜಾಸ್ತಿ ಒಳಗೆ ಬರಲ್ಲ. ಸ್ಯಾಂಡ್ ಬಾಸ್‌ನ ದೊಡ್ಡವು ಬೇಸಿಗೆಯಲ್ಲಿ ಮೊಟ್ಟೆ ಇಡಲು ಹೊರಗಿನ ಮರಳ ಬಯಲಿಗೆ ಹೋಗುತ್ತವೆ. ಸ್ಪಾಟಿ ಮಾತ್ರ ಅಪ್ಪಟ ಒಳನಾಡಿನವನು, ಹುಟ್ಟಿ ಬೆಳೆದು ಸಾಯುವುದೆಲ್ಲ ಬೇ ಒಳಗೇ. ಟ್ಯೂಬಿನವರ ಮೀನು ಎಂದರೆ ಇದೇ.

ಈಗ ನೀರಿನ ಲೆಕ್ಕಕ್ಕೆ ಬರೋಣ.

ಸ್ಯಾನ್ ಡಿಯಾಗೋ ಬೇಯನ್ನು ಬಾಗಿದ ಬಾಟಲಿ ಅಂದುಕೊಳ್ಳಿ. ಸುಮಾರು 12 ಮೈಲಿ ಉದ್ದ, ಬಾಯಿ ಒಂದೇ. ಆ ಬಾಯಿ ಪಾಯಿಂಟ್ ಲೋಮಾ ಗುಡ್ಡದ ಕೆಳಗಿದೆ. ತಳ ಇರುವುದು ದಕ್ಷಿಣದಲ್ಲಿ ಚುಲಾ ವಿಸ್ಟಾ ಕಡೆ, ಅಲ್ಲಿ ನೀರು ತೆಳು. ಹಡಗು ಹೋಗುವ ಕಾಲುವೆ ಮಾತ್ರ ಹೂಳು ತೆಗೆದು ಆಳ ಮಾಡಿದ್ದು. ಹಾಗೆ ತೆಗೆದ ಮಣ್ಣು-ಮರಳನ್ನೇ ತುಂಬಿ ಹಾರ್ಬರ್ ಐಲ್ಯಾಂಡ್ ಮಾಡಿದರು. ಶೆಲ್ಟರ್ ಐಲ್ಯಾಂಡೂ ಹಿಂದೆ ಒಂದು ಮರಳ ದಿಬ್ಬ, ಅದಕ್ಕೂ ಇದೇ ರೀತಿ ಮಣ್ಣು ತುಂಬಿ ಎತ್ತರಿಸಿದ್ದು. ಭರತ ಬಂದಾಗ ಇಷ್ಟು ದೊಡ್ಡ ಬಾಟಲಿ ಆ ಒಂದೇ ಬಾಯಿಂದ ತುಂಬಬೇಕು, ಇಳಿತದಲ್ಲಿ ಅದೇ ಬಾಯಿಂದ ಖಾಲಿಯಾಗಬೇಕು. ಹಾಗಾಗಿ ಬಾಯಿಯ ಹತ್ತಿರ ಸೆಳೆತ ಜೋರು, ತಳದ ಕಡೆ ಮೆತ್ತಗೆ. ಹೊಸಬರು ಬಾಯಿಯ ಹತ್ತಿರ ಟ್ಯೂಬ್ ಇಳಿಸಲೇಬಾರದು ಅಂತ ನಾನು ಹೇಳುವುದು ಇದಕ್ಕೇ. ನಿಮ್ಮ ಒಂದು ಮೈಲಿ ವೇಗ ಅಲ್ಲಿ ಏನೂ ಅಲ್ಲ.

ಗಂಗೊಳ್ಳಿಯವರಿಗೋ ಕುಮಟೆಯವರಿಗೋ ಭರತ-ಇಳಿತ ಹೊಸದಾಗಿ ಹೇಳಬೇಕಿಲ್ಲ. ಬಯಲುಸೀಮೆಯವರಿಗೆ ಎರಡು ಮಾತು. ಚಂದ್ರ ಎಳೆಯುತ್ತಾನೆ, ಸೂರ್ಯನೂ ಸ್ವಲ್ಪ ಎಳೆಯುತ್ತಾನೆ. ಅಮಾವಾಸ್ಯೆ, ಹುಣ್ಣಿಮೆಯಲ್ಲಿ ಇಬ್ಬರ ಎಳೆತವೂ ಒಂದೇ ಸಾಲಿಗೆ ಬೀಳುತ್ತದೆ. ಆಗ ಭರತ ಜಾಸ್ತಿ ಏರುತ್ತದೆ, ಇಳಿತ ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಹತ್ತಿರ ಎರಡೂ ಸಪ್ಪೆ. ದಿನದಿಂದ ದಿನಕ್ಕೆ ಸಮಯ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ಹೋದ ಶನಿವಾರ ಬೆಳಿಗ್ಗೆ ಏಳಕ್ಕೆ ಮೀನು ಕಚ್ಚಿತು ಅಂತ ಈ ಶನಿವಾರವೂ ಏಳಕ್ಕೆ ಹೋದರೆ ನೀರು ಉಲ್ಟಾ ಹರಿಯುತ್ತಿರುತ್ತದೆ. ಕ್ಯಾಲಿಫೋರ್ನಿಯಾ ತೀರದಲ್ಲಿ ಇನ್ನೊಂದು ತಲೆನೋವು ಇದೆ. ದಿನದ ಎರಡು ಭರತವೂ ಸಮ ಇರಲ್ಲ, ಎರಡು ಇಳಿತವೂ ಸಮ ಇರಲ್ಲ. ಒಂದು ದೊಡ್ಡದು, ಒಂದು ಚಿಕ್ಕದು. ಸ್ಯಾನ್ ಡಿಯಾಗೋದಲ್ಲಿ ದಿನದ ಅತಿ ಎತ್ತರದ ಭರತಕ್ಕೂ ಅತಿ ತಗ್ಗಿನ ಇಳಿತಕ್ಕೂ ಸರಾಸರಿ 5.7 ಅಡಿ ವ್ಯತ್ಯಾಸ. ಹುಣ್ಣಿಮೆ-ಅಮಾವಾಸ್ಯೆಗೆ ಇದಕ್ಕಿಂತ ಜಾಸ್ತಿ.

ನೀರು ಇಳಿಯುವ ವೇಗವೂ ಒಂದೇ ಸಮ ಇರಲ್ಲ. ಅದಕ್ಕೆ ಹಳೇ ನಾವಿಕರ ಒಂದು ಅಂದಾಜು ಇದೆ, ಹನ್ನೆರಡರ ಲೆಕ್ಕ. ಇಳಿಯಲು ಆರು ಗಂಟೆ ಬೇಕು ಅಂದುಕೊಂಡರೆ ಮೊದಲ ಗಂಟೆ ಹನ್ನೆರಡರಲ್ಲಿ ಒಂದು ಪಾಲು, ಎರಡನೇ ಗಂಟೆ ಎರಡು ಪಾಲು, ಮೂರನೇ ಗಂಟೆ ಮೂರು, ನಾಲ್ಕನೇದರಲ್ಲೂ ಮೂರು, ಆಮೇಲೆ ಎರಡು, ಕೊನೆಗೆ ಒಂದು. ಒಟ್ಟು 6 ಅಡಿ ಇಳಿಯುವ ದಿನ ಮೊದಲ ಗಂಟೆಯಲ್ಲಿ ಅರ್ಧ ಅಡಿ ಮಾತ್ರ ಇಳಿದಿರುತ್ತದೆ. ‘ಏನಿಲ್ಲ ಬಿಡು, ನೀರು ನಿಂತಿದೆ’ ಅನ್ನಿಸುತ್ತದೆ. ನಡುವಿನ ಎರಡೇ ಗಂಟೆಯಲ್ಲಿ 3 ಅಡಿ ಹೋಗಿಬಿಡುತ್ತದೆ. ಇದು ಅಂದಾಜಷ್ಟೇ, ಇಲ್ಲಿಯ ಸಮವಿಲ್ಲದ ಭರತಕ್ಕೆ ಕರಾರುವಾಕ್ಕಾಗಿ ಹೊಂದಲ್ಲ. ಆದರೆ ಗಾಳ ಹಾಕುವವನಿಗೆ ಇಷ್ಟು ಸಾಕು.

ಯಾಕೆಂದರೆ ಆ ನಡುವಿನ ಗಂಟೆಗಳೇ ಮೀನಿನ ಊಟದ ಹೊತ್ತು. ಅಪಾಯದ ಹೊತ್ತೂ ಅದೇ.

ಬಾಸ್ ಓಡಾಡಿ ಬೇಟೆ ಆಡುವ ಮೀನಲ್ಲ, ಹೊಂಚು ಹಾಕುವ ಮೀನು. ಬೇಯ ತಳದಲ್ಲಿ ಈಲ್‌ಗ್ರಾಸ್ ಅಂತ ಒಂದು ಹುಲ್ಲು ಬೆಳೆಯುತ್ತದೆ. ಪಾಚಿ ಅಲ್ಲ, ನಿಜವಾದ ಬೇರು ಇರುವ, ನೀರೊಳಗೇ ಹೂ ಬಿಡುವ ಗಿಡ. ಎಲೆ ರಿಬ್ಬನ್ ತರ ಉದ್ದ. ಆ ಹುಲ್ಲೊಳಗೆ ಸಣ್ಣ ಏಡಿ, ಸಿಗಡಿ, ಮರಿಮೀನು ಎಲ್ಲ ಅಡಗಿರುತ್ತವೆ. ಭರತ ಏರಿದಾಗ ಇವೆಲ್ಲ ದಂಡೆಯ ಕಡೆಯ ತೆಳು ನೀರಿಗೆ ಹರಡಿಕೊಳ್ಳುತ್ತವೆ. ಇಳಿತ ಶುರುವಾದಾಗ ನೀರಿನ ಜೊತೆ ವಾಪಸ್ ಜಾರಿ ಬರಲೇಬೇಕು, ಇಲ್ಲದಿದ್ದರೆ ಕೆಸರಿನ ಮೇಲೆ ಒಣಗಬೇಕು. ಹುಲ್ಲು ಮುಗಿದು ಆಳ ಶುರುವಾಗುವ ಅಂಚಿನಲ್ಲಿ, ಸೆಳೆತಕ್ಕೆ ಮುಖ ಮಾಡಿ, ಸ್ಪಾಟಿ ಕಾಯುತ್ತಾ ನಿಂತಿರುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಯ ತುದಿ ಎಲೆಗೆ ಕೂತವನ ಹಾಗೆ, ಬಡಿಸುವವರು ಇತ್ತಲೇ ಬರಬೇಕು ಎನ್ನುವುದು ಅದಕ್ಕೆ ಗೊತ್ತು. ನೀರು ನಿಂತರೆ ಬಡಿಸುವುದೂ ನಿಂತಿತು. ಅದೇ ಅಂಚು, ಅದೇ ಮೀನು, ಆದರೆ ಮೂಗಿನ ಮುಂದೆ ರಬ್ಬರ್ ಹುಳ ಹಿಡಿದರೂ ಬಾಯಿ ಬಿಡಲ್ಲ.

ಮರೀನಾಗಳ (ದೋಣಿ ಕಟ್ಟುವ ತಾಣಗಳ) ಕಂಬ, ದಂಡೆಗೆ ಸುರಿದ ಬಂಡೆ, ದೋಣಿ ಇಳಿಸುವ ರ‍್ಯಾಂಪಿನ ಅಂಚು, ಇವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಸೆಳೆತ ಬಂದು ಬಡಿಯುವ ಬದಿ ಒಂದು, ಮರೆ ಇರುವ ಬದಿ ಇನ್ನೊಂದು. ಮೀನು ಮರೆಯಲ್ಲಿ ಸುಸ್ತಾಗದೆ ನಿಂತು, ಪಕ್ಕದಲ್ಲಿ ಹರಿದು ಹೋಗುವುದನ್ನು ಬಾಯಿ ಹಾಕಿ ಎಳೆದುಕೊಳ್ಳುತ್ತದೆ. ನೀರು ದಿಕ್ಕು ಬದಲಿಸಿದರೆ ಅದೂ ಕಂಬದ ಇನ್ನೊಂದು ಬದಿಗೆ ಹೋಗುತ್ತದೆ.

ಟ್ಯೂಬ್ ಯಾಕೆ ಬೇಕು ಎನ್ನುವುದು ಈಗ ಅರ್ಥವಾಗಿರಬೇಕು. ದಂಡೆಯಿಂದ ಎಸೆದರೆ ಈ ಅಂಚು ಸಿಗಲ್ಲ, ಸಿಕ್ಕರೂ ಗಾಳ ಹುಲ್ಲಿನ ಮೇಲೆ ಎಳೆದುಕೊಂಡು ಬರಬೇಕು. ದೋಣಿಯವರು ಬಂದರೆ ನಾಲ್ಕೈದು ಅಡಿ ನೀರಲ್ಲಿ ಮೀನು ಸದ್ದಿಗೆ ಓಡುತ್ತದೆ. ಟ್ಯೂಬಿಗೆ ಸದ್ದಿಲ್ಲ, ನೆರಳೂ ಚಿಕ್ಕದು. ಹುಲ್ಲಿನ ಅಂಚಿನ ಉದ್ದಕ್ಕೂ ಸೆಳೆತದ ಜೊತೆ ನಿಧಾನವಾಗಿ ತೇಲುತ್ತಾ, ಆಗಾಗ ಒಂದು ಒದೆ ಕೊಟ್ಟು ದಾರಿ ಸರಿ ಮಾಡಿಕೊಳ್ಳುತ್ತಾ, ಒಂದೊಂದು ಗಜವನ್ನೂ ಗಾಳದಿಂದ ತಡವಿಕೊಂಡು ಹೋಗಬಹುದು.

ಸಾಮಾನು ಜಾಸ್ತಿ ಬೇಕಿಲ್ಲ. ಏಳು ಅಡಿಯ ಹಗುರ ಕೋಲು, ಸ್ಪಿನ್ನಿಂಗ್ ರೀಲು, ಹೆಣೆದ ದಾರದ ತುದಿಗೆ ಹತ್ತು ಪೌಂಡಿನ ಫ್ಲೂರೋಕಾರ್ಬನ್ ನೂಲು, ಕಾಲು ಔನ್ಸ್ ಅಂದರೆ ಏಳು ಗ್ರಾಮಿನ ಸೀಸದ ತಲೆ ಇರುವ ಗಾಳ, ಅದಕ್ಕೆ ಚುಚ್ಚಿದ ಮೂರು-ನಾಲ್ಕು ಇಂಚಿನ ರಬ್ಬರ್ ಮೀನು. ತೀರಾ ಗಿಡ್ಡ ಕೋಲು ಬೇಡ. ಕೂತಿರುವುದು ನೀರಿನ ಮಟ್ಟದಲ್ಲಿ, ಎಸೆಯುವಾಗ ಗಾಳ ಹಿಂದೆ ನೀರಿಗೆ ಬಡಿಯುತ್ತದೆ. ಸೆಳೆತ ಬರುವ ಕಡೆಗೆ ಓರೆಯಾಗಿ ಎಸೆದು, ಗಾಳ ತಳ ಮುಟ್ಟುವವರೆಗೆ ಬಿಡಿ. ಆಮೇಲೆ ನೀರೇ ಅದನ್ನು ತಳ್ಳಿಕೊಂಡು ಬರುತ್ತದೆ. ನೀವು ಸಡಿಲ ಎಳೆದುಕೊಂಡರೆ ಸಾಕು. ಕೈಗೆ ತಳ ಗೊತ್ತಾಗುತ್ತದೆ: ಮರಳಾದರೆ ನುಣ್ಣಗೆ, ಚಿಪ್ಪಾದರೆ ಕಟಕಟ, ಹುಲ್ಲಾದರೆ ಹತ್ತಿಯಲ್ಲಿ ಸಿಕ್ಕಿದ ಹಾಗೆ ಮೆತ್ತಗೆ ಹಿಡಿದು ಬಿಡುತ್ತದೆ. ಹುಲ್ಲು ಬಿಟ್ಟ ಆ ಕ್ಷಣದಲ್ಲೇ ಸಾಮಾನ್ಯವಾಗಿ ಬೀಳುತ್ತದೆ ಹೊಡೆತ. ‘ಟಕ್’ ಅಂತ ಒಂದು, ಬಾಗಿಲು ಬಡಿದ ಹಾಗೆ.

ಹೊಡೆತ ಬಿದ್ದ ಕೂಡಲೇ ಮೀನು ಹುಲ್ಲಿಗೋ ಕಂಬಕ್ಕೋ ನುಗ್ಗುತ್ತದೆ. ತಡೆಯಬೇಕು. ದೋಣಿಯಲ್ಲಾದರೆ ಕಾಲೂರಿ ನಿಂತು ಎಳೆಯಬಹುದು. ಇಲ್ಲಿ ಊರಲು ಏನೂ ಇಲ್ಲ. ನೀವು ಎಳೆದರೆ ಮೀನು ಬರುವ ಬದಲು ನೀವೇ ಮೀನಿನ ಕಡೆ ಹೋಗುತ್ತೀರಿ! ಒಂದೂವರೆ ಪೌಂಡಿನ ಸ್ಪಾಟಿ ಎಂಬತ್ತು ಕೆಜಿಯ ಮನುಷ್ಯನನ್ನು ಟ್ಯೂಬ್ ಸಮೇತ ಅರ್ಧ ಸುತ್ತು ತಿರುಗಿಸುವುದನ್ನು ಮೊದಲ ಸಲ ಅನುಭವಿಸಿದಾಗ ನಾನು ಒಬ್ಬನೇ ಜೋರಾಗಿ ನಕ್ಕಿದ್ದೆ. ಉಪಾಯ ಕಾಲಲ್ಲಿದೆ. ಗಾಳ ಕಚ್ಚಿದ ತಕ್ಷಣ ಕೋಲು ಎತ್ತಿ, ಫಿನ್ಸ್ ಒದೆಯಲು ಶುರು ಮಾಡಿ. ಟ್ಯೂಬ್ ಹೇಗೂ ಹಿಂದಕ್ಕೇ ಹೋಗುವುದು, ಮೀನಿನ ಜೊತೆ ಎದುರುಬದುರು ನಿಂತು ಎಳೆದ ಹಾಗಾಗುತ್ತದೆ. ನಾಲ್ಕು ಒದೆಯಲ್ಲಿ ಅದು ಹುಲ್ಲಿನಿಂದ ಹೊರಗೆ ಬರುತ್ತದೆ. ಕೈಗೆ ತಗೊಳ್ಳುವಾಗ ಬೆನ್ನ ಮುಳ್ಳು ಮಡಚಿ, ಕೆಳದುಟಿಯನ್ನು ಹೆಬ್ಬೆರಳಿನಿಂದ ಹಿಡಿಯಿರಿ. ಹಲ್ಲು ಸಣ್ಣವು, ಸ್ಯಾಂಡ್‌ಪೇಪರ್ ತರ. ಹತ್ತು ಮೀನು ಹಿಡಿದರೆ ಹೆಬ್ಬೆರಳ ಚರ್ಮ ತರಿತರಿ ಆಗುತ್ತದೆ. ಮುಳ್ಳನ್ನು ಟ್ಯೂಬಿಗೆ ತಾಗಿಸಬೇಡಿ, ನೀವು ಕೂತಿರುವುದು ಗಾಳಿ ಮೇಲೆ.

ಈಗ ಅಪಾಯದ ಮಾತು. ನನ್ನದೇ ಒಂದು ಕಥೆ ಇದೆ. ಮೊದಲ ವರ್ಷ, ಹುಣ್ಣಿಮೆಯ ಮಾರನೇ ದಿನ, ಭರತ ತುಂಬಿದ ಹೊತ್ತಿಗೆ ಇಳಿದೆ. ಮೊದಲ ಗಂಟೆ ನೀರು ಕೊಳದ ಹಾಗಿತ್ತು. ಮೀನು ಕಚ್ಚಲು ಶುರುವಾಯಿತು, ಸೆಳೆತದ ಜೊತೆ ತೇಲುತ್ತಾ ಹೋದೆ, ಪ್ರತಿ ಎಸೆತಕ್ಕೂ ಮೀನು, ತಲೆ ಎತ್ತಲಿಲ್ಲ. ಎತ್ತಿದಾಗ ಕಾರು ನಿಲ್ಲಿಸಿದ ಜಾಗ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ವಾಪಸ್ ಒದೆಯಲು ಶುರು ಮಾಡಿದೆ. ದಂಡೆಯ ಮೇಲಿನ ಒಂದು ತಾಳೆಮರವನ್ನು ಗುರುತಿಟ್ಟುಕೊಂಡು ಹತ್ತು ನಿಮಿಷ ಒದ್ದು ನೋಡಿದರೆ ಮರ ಅಲ್ಲೇ ಇದೆ, ನಾನೂ ಅಲ್ಲೇ ಇದ್ದೇನೆ. ಆಮೇಲೆ ಬುದ್ಧಿ ಬಂತು. ಸೆಳೆತಕ್ಕೆ ಎದುರಾಗಿ ಒದೆಯುವುದು ಬಿಟ್ಟು ಅಡ್ಡಕ್ಕೆ, ಹತ್ತಿರದ ದಡಕ್ಕೆ ಒದ್ದೆ. ಅಲ್ಲಿಂದ ಟ್ಯೂಬನ್ನು ಬೆನ್ನಿಗೆ ಹಾಕಿಕೊಂಡು, ಒದ್ದೆ ವೇಡರ್ (ನೀರಿಗಿಳಿಯುವಾಗ ತೊಡುವ ಉದ್ದ ಪ್ಯಾಂಟು) ತೊಟ್ಟು, ಪ್ರವಾಸಿಗರ ನಡುವೆ ಮುಕ್ಕಾಲು ಗಂಟೆ ನಡೆದೆ. ಊರಿಗೆ ಫೋನ್ ಮಾಡಿ ಹೇಳಿದರೆ ಅಮ್ಮ, ‘ಅಳಿವೆ ಊರಲ್ಲಿ ಹುಟ್ಟಿದವನಿಗೆ ಇಳಿತ ಗೊತ್ತಾಗ್ಲಿಲ್ವಾ?’ ಅಂದರು. ಉತ್ತರ ಇರಲಿಲ್ಲ.

ಅವತ್ತಿನಿಂದ ಒಂದೇ ಪದ್ಧತಿ. ಹೋಗುವಾಗ ಕಷ್ಟದ ದಿಕ್ಕು, ಬರುವಾಗ ಸುಲಭದ ದಿಕ್ಕು. ನೀರು ಮೆತ್ತಗಿರುವ ಮೊದಲ ಗಂಟೆಯಲ್ಲಿ ಸೆಳೆತಕ್ಕೆ ಎದುರಾಗಿ ಮೇಲಕ್ಕೆ ಹೋಗಿಬಿಡುತ್ತೇನೆ. ಜೋರಾದಾಗ ಅದೇ ನನ್ನನ್ನು ಕಾರಿನ ಕಡೆ ತಂದು ಬಿಡುತ್ತದೆ. ಗಾಳಿಯನ್ನೂ ಸೇರಿಸಿ ನೋಡಬೇಕು. ಇಲ್ಲಿ ಬೆಳಿಗ್ಗೆ ಸಾಮಾನ್ಯವಾಗಿ ಗಾಳಿ ಇರಲ್ಲ, ಮಧ್ಯಾಹ್ನಕ್ಕೆ ಪಡುಗಾಳಿ ಎದ್ದೇಳುತ್ತದೆ. ಟ್ಯೂಬ್ ನೀರೊಳಗೆ ಇಳಿದಿರುವುದು ಕಮ್ಮಿ, ಮೇಲೆ ಇರುವುದು ಜಾಸ್ತಿ, ಹಾಗಾಗಿ ಗಾಳಿಗೆ ಅದು ಹಾಯಿ ಇದ್ದ ಹಾಗೆ. ಗಾಳಿ ಒಂದು ಕಡೆ, ಸೆಳೆತ ಇನ್ನೊಂದು ಕಡೆ ಇದ್ದರೆ ಗಿಡ್ಡ ಚೂಪು ಅಲೆ ಏಳುತ್ತವೆ. ಆಗ ಮೀನು ಎಷ್ಟೇ ಕಚ್ಚಲಿ, ನಾನು ದಡಕ್ಕೆ.

ಲಂಗರು ಹಾಕಿ ನಿಂತರೆ ಆಗಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಸೆಳೆತದಲ್ಲಿ ಟ್ಯೂಬ್ ತೇಲಿಕೊಂಡು ಹೋಗುವುದೇ ಅದರ ಕ್ಷೇಮ. ಕಟ್ಟಿ ಹಾಕಿದರೆ ನೀರು ಒಂದು ಬದಿಯನ್ನು ಕೆಳಕ್ಕೆ ಎಳೆಯುತ್ತದೆ, ಮಗುಚುವ ಸಾಧ್ಯತೆ ಇರುತ್ತದೆ. ಈಲ್‌ಗ್ರಾಸ್‌ನ ಬೇರೂ ಕಿತ್ತು ಬರುತ್ತದೆ.

ಲೈಫ್ ಜಾಕೆಟ್ ಹಾಕಿಕೊಳ್ಳಿ, ಕೆಳಗೆ ಮಡಚಿ ಇಡುವುದಲ್ಲ. ಸೀಟಿ, ಕಣ್ಣಿಗೆ ಹೊಡೆಯುವ ಬಣ್ಣದ ಟೋಪಿ, ಬೆಳಕು ಹರಿಯುವ ಮುಂಚೆ ಇಳಿದರೆ ಒಂದು ದೀಪ. ಹಡಗಿನ ಕಾಲುವೆಗೆ ಹೋಗಲೇಬೇಡಿ. ದೊಡ್ಡ ಹಡಗಿನವರಿಗೆ ನೀವು ಕಾಣಲ್ಲ, ಕಂಡರೂ ಅದು ನಿಲ್ಲಲ್ಲ. ಸ್ಯಾನ್ ಡಿಯಾಗೋ ಅಮೆರಿಕದ ನೌಕಾಪಡೆಯ ದೊಡ್ಡ ನೆಲೆ. ಅವರ ಹಡಗಿನ 500 ಗಜದೊಳಗೆ ನಿಧಾನಕ್ಕೆ ಹೋಗಬೇಕು ಎನ್ನುವುದು ಕಾನೂನು, ಅದು ಟ್ಯೂಬಿನವನಿಗೆ ಹೇಳಬೇಕಾದದ್ದೇ ಇಲ್ಲ. ಆದರೆ 100 ಗಜದೊಳಗೆ ಅನುಮತಿ ಇಲ್ಲದೆ ಹೋಗುವ ಹಾಗೇ ಇಲ್ಲ. ಸೆಳೆತ ತಳ್ಳಿತು ಸಾರ್ ಎನ್ನುವ ಸಬೂಬು ಹೇಳುವ ಪರಿಸ್ಥಿತಿ ತಂದುಕೊಳ್ಳಬೇಡಿ. ನೀರಿಗೆ ಇಳಿಯುವಾಗ ಕಾಲು ಎತ್ತಿ ಇಡಬೇಡಿ, ತಳಕ್ಕೆ ಉಜ್ಜುತ್ತಾ ನಡೆಯಿರಿ. ಮರಳಲ್ಲಿ ತೊರಕೆ ಮೀನು ಮಲಗಿರುತ್ತವೆ. ಕಾಲು ತಾಗಿದರೆ ಹೋಗುತ್ತವೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತವೆ. ಫಿನ್ಸ್ ಹಾಕಿಕೊಂಡು ಹೇಗೂ ಹಿಂದುಹಿಂದಕ್ಕೇ ನಡೆಯಬೇಕು, ಉಜ್ಜುವುದು ತಾನಾಗಿ ಬರುತ್ತದೆ.

ಗಾಳಿ ತುಂಬುವುದರಲ್ಲೂ ಒಂದು ಸೂಕ್ಷ್ಮ ಇದೆ. ಬಿಸಿಲಲ್ಲಿ ಗಟ್ಟಿಯಾಗಿ ತುಂಬಿದ ಟ್ಯೂಬ್ ತಣ್ಣೀರಿಗೆ ಇಳಿದ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ತೂತಾಯಿತು ಅಂತ ಗಾಬರಿಯಾಗಬೇಡಿ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿದ್ದು. ದಡದ ಹತ್ತಿರವೇ ಸ್ವಲ್ಪ ಹೊತ್ತು ಇದ್ದು, ಮತ್ತೆ ತುಂಬಿಕೊಂಡು ಹೊರಡಿ. ಇದರ ಉಲ್ಟಾನೂ ನಿಜ. ತುಂಬಿದ ಟ್ಯೂಬನ್ನು ಬಿಸಿ ಕಾರಿನಲ್ಲಿ ಬಿಟ್ಟರೆ ಹೊಲಿಗೆ ಹರಿಯಬಹುದು.

ಕಾನೂನು ಚಿಕ್ಕದಾಗಿ. ಕ್ಯಾಲಿಫೋರ್ನಿಯಾದಲ್ಲಿ ಸಾರ್ವಜನಿಕ ಪಿಯರ್ (ನೀರಿಗೆ ಚಾಚಿದ ಕಟ್ಟೆ) ಮೇಲಿಂದ ಗಾಳ ಹಾಕಲು ಲೈಸೆನ್ಸ್ ಬೇಡ, ಟ್ಯೂಬಿಗೆ ಬೇಕು, 16 ವರ್ಷ ಆದವರಿಗೆ. ಪಾಯಿಂಟ್ ಆರ್ಗ್ವೆಲೋ ಎನ್ನುವ ಭೂಶಿರದಿಂದ ದಕ್ಷಿಣಕ್ಕೆ, ಅಂದರೆ ನಮ್ಮ ಕಡೆಯೂ, ಸಮುದ್ರದ ಮೀನಿಗೆ ಇನ್ನೊಂದು ಚೀಟಿಯೂ ಬೇಕು. 2013ರಲ್ಲಿ ಈ ಮೂರು ಬಾಸ್‌ಗೂ ಕನಿಷ್ಠ ಅಳತೆ 14 ಇಂಚು, ಮೂರೂ ಸೇರಿ ದಿನಕ್ಕೆ 5 ಅಂತ ನಿಯಮ ಬಂತು. ಅದಕ್ಕೂ ಮುಂಚೆ 12 ಇಂಚು ಮತ್ತು 10 ಮೀನು ಇತ್ತು. ನಿಯಮ ಬದಲಾಗುತ್ತಿರುತ್ತದೆ, ಹೋಗುವ ಮುಂಚೆ ಆ ವರ್ಷದ ಪುಸ್ತಿಕೆ ನೋಡಿಕೊಳ್ಳಿ. ಈ ಮೀನುಗಳು ನಿಧಾನಕ್ಕೆ ಬೆಳೆಯುವಂಥವು, 14 ಇಂಚು ಆಗಲು ವರ್ಷಗಟ್ಟಲೆ ಬೇಕು.

ತಿನ್ನಬಹುದಾ? ಈ ಪ್ರಶ್ನೆ ಕೇಳದ ಕರಾವಳಿಯವರೇ ಇಲ್ಲ. ರುಚಿಯಾದ ಬಿಳಿ ಮಾಂಸದ ಮೀನು. ಆದರೆ ಸ್ಯಾನ್ ಡಿಯಾಗೋ ಬೇ ಹಲವು ದಶಕ ಹಡಗು ಕಟ್ಟಿದ, ರಿಪೇರಿ ಮಾಡಿದ ಜಾಗ. ಇಲ್ಲಿಯ ಮೀನಿನಲ್ಲಿ ಪಾದರಸ ಮತ್ತು ಪಿಸಿಬಿ ಎನ್ನುವ ರಾಸಾಯನಿಕ ಇದೆ ಅಂತ ರಾಜ್ಯ ಸರ್ಕಾರವೇ 2013ರಲ್ಲಿ ಎಚ್ಚರಿಕೆ ಕೊಟ್ಟಿದೆ. ಮಕ್ಕಳಿಗೆ, ಹೆರುವ ವಯಸ್ಸಿನ ಹೆಂಗಸರಿಗೆ ಅದರಲ್ಲಿ ಇನ್ನೂ ಬಿಗಿ. ನಾನು ಬೇ ಒಳಗಿನ ಮೀನು ಮನೆಗೆ ತರಲ್ಲ. ಗಾಳದ ಮುಳ್ಳಿನ ಕೊಂಡಿಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತೇನೆ, ಬಿಡಿಸುವುದು ಸುಲಭ. ಮೀನು ನೀರಿಂದ ಹೊರಗೆ ಇರುವುದು ಹತ್ತು ಸೆಕೆಂಡ್. ‘ಹಿಡಿದು ಬಿಡೋಕೆ ಅಷ್ಟು ಕಷ್ಟ ಯಾಕೆ?’ ಅಂತ ಅಮ್ಮ ಈಗಲೂ ಕೇಳುತ್ತಾರೆ. ಸಾರಿಗೆ ಅಂಗಡಿಯಿಂದ ತರುತ್ತೇನೆ.

ಮನೆಗೆ ಬಂದ ಮೇಲೆ ಅರ್ಧ ಗಂಟೆ ಕೆಲಸ ಇದೆ, ಕೆರೆಯವರಿಗೆ ಇಲ್ಲದ ಕೆಲಸ. ಟ್ಯೂಬಿನ ಹೊರ ಚೀಲ ಬಿಚ್ಚಿ, ಒಳಗಿನ ಬ್ಲ್ಯಾಡರ್‌ಗೂ (ಗಾಳಿ ತುಂಬುವ ಟ್ಯೂಬಿಗೂ) ಚೀಲಕ್ಕೂ ನಡುವೆ ಸಿಹಿನೀರು ಬಿಡಬೇಕು. ಉಪ್ಪು ಒಣಗಿ ಹರಳಾದರೆ ಮರಳುಕಾಗದದ ಹಾಗೆ ಒಳಗಿಂದೊಳಗೇ ಉಜ್ಜುತ್ತದೆ. ಜಿಪ್ಪು ಮೊದಲು ಹೋಗುವ ಭಾಗ. ಪ್ರತಿ ಸಲ ತೊಳೆದು, ಒಣಗಿಸಿ, ಹಲ್ಲಿಗೆ ಸ್ವಲ್ಪ ಮೇಣ ಸವರಿ, ಅರ್ಧ ತೆರೆದೇ ಇಡುತ್ತೇನೆ. ರೀಲಿಗೆ ನೀರು ಜೋರಾಗಿ ಹೊಡೆಯಬೇಡಿ, ಉಪ್ಪು ಒಳಗೆ ಹೋಗುತ್ತದೆ, ಚಿಮುಕಿಸಿದರೆ ಸಾಕು. ಇದೆಲ್ಲ ಬಾಲ್ಕನಿಯಲ್ಲಿ ಒಣಗುತ್ತಿರುವಾಗ ನಾನು ಒಳಗೆ ಕಾಫಿ ಹಿಡಿದುಕೊಂಡು ಮುಂದಿನ ಶನಿವಾರದ ಟೈಡ್ ಟೇಬಲ್ ನೋಡುತ್ತಿರುತ್ತೇನೆ. ಭರತ ಬೆಳಿಗ್ಗೆ 5:40ಕ್ಕೆ, ಇಳಿಯುವುದು ನಾಲ್ಕೂವರೆ ಅಡಿ. ಎಂಟರಿಂದ ಹತ್ತು.